ಮೂರಿಂಚಿನ ಕಪಾಟಿಗೆ ಯಾವ ಬಣ್ಣ, ಯಾವ ಪಾಲಿಶ್?

ನಮ್ಮ ಮನೆಯಲ್ಲಿ ದಸರಾ ಬೊಂಬೆ ಕೂರಿಸುವಾಗ ಪಟ್ಟದ ಬೊಂಬೆಗಳ ಪಕ್ಕದಲ್ಲಿ ಒಂದು ಪುಟ್ಟ ಮನೆಯೂ ಇರುತ್ತದೆ. ಅದರ ಅಡುಗೆಮನೆ ನನ್ನ ಕೈಕೆಲಸ. ಇದುವರೆಗೆ ನಾಲ್ಕು ಸಲ ಮಾಡಿದ್ದೇನೆ. ಮರ ಕತ್ತರಿಸಿ ಅಂಟಿಸುವ ಕೆಲಸ ಮೊದಲ ಸಲವೇ ಸರಿಹೋಯಿತು. ಕೆಟ್ಟಿದ್ದು ಬಣ್ಣ ಹಚ್ಚುವಾಗ. ಸಂಜೆ ಬಣ್ಣ ಹಚ್ಚಿ ಮಲಗಿದೆ. ಬೆಳಗ್ಗೆ ನೋಡಿದರೆ ಕಪಾಟಿನ ಒಂದು ಬಾಗಿಲೂ ಮುಚ್ಚುತ್ತಿರಲಿಲ್ಲ. ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಬಾಗಿಲ ಮೇಲೆ ಕೊರೆದಿದ್ದ ಗೆರೆಗಳೆಲ್ಲ ಬಣ್ಣದಲ್ಲಿ ಮುಳುಗಿಹೋಗಿದ್ದವು.

ಆಮೇಲೆ ಪೇಂಟ್ ಅಂಗಡಿಯಲ್ಲಿ, ಬಡಗಿಗಳ ಹತ್ತಿರ, ಮಾಡೆಲ್ ಮಾಡುವವರ ಹತ್ತಿರ ಕೇಳುತ್ತಾ ಹೋದೆ. ಒಂದೊಂದನ್ನೇ ತುಂಡು ಮರದ ಮೇಲೆ ಹಚ್ಚಿ ನೋಡಿದೆ. ಅಕ್ರಿಲಿಕ್, ಎನಾಮಲ್, ಸ್ಪ್ರೇ, ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಮತ್ತು ಅರಗಿನ ಪಾಲಿಶ್, ಕಾಗದ. ಈ ಐದರಲ್ಲಿ ಯಾವುದು ಯಾವ ಅಡುಗೆಮನೆಗೆ ಒಪ್ಪುತ್ತದೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಹನ್ನೆರಡರ ಲೆಕ್ಕ

ಬೊಂಬೆಮನೆಯ ಸಾಮಾನ್ಯ ಅಳತೆ 1:12. ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. ಮೂರು ಅಡಿ ಎತ್ತರದ ಅಡುಗೆ ಕಟ್ಟೆ ಮೂರು ಇಂಚಾಗುತ್ತದೆ. ಎರಡಡಿ ಆಳದ ಕೆಳಗಿನ ಕಪಾಟು ಎರಡಿಂಚು, ಒಂದಡಿ ಆಳದ ಮೇಲಿನ ಕಪಾಟು ಒಂದಿಂಚು. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಬೊಂಬೆಮನೆಯೂ ಇದೇ ಅಳತೆಯದು. 1921ರಿಂದ 1924ರವರೆಗೆ ಅದನ್ನು ಕಟ್ಟಿಸಿದ್ದು ದೆಹಲಿಯ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್. ಅದರ ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ. ಶಿಕಾಗೋ ಕಲಾ ಸಂಗ್ರಹಾಲಯದಲ್ಲಿರುವ ಥಾರ್ನ್ ಕೋಣೆಗಳೆಂಬ 68 ಪುಟ್ಟ ಕೋಣೆಗಳೂ ಹೆಚ್ಚುಕಮ್ಮಿ ಎಲ್ಲ ಇದೇ ಅಳತೆಯವು.

ಕಪಾಟು ಹನ್ನೆರಡು ಪಟ್ಟು ಚಿಕ್ಕದಾಯಿತು, ಆದರೆ ಬಣ್ಣ ಚಿಕ್ಕದಾಗಲಿಲ್ಲ. ಇಡೀ ಕೆಲಸದ ಕಷ್ಟ ಇರುವುದು ಇಲ್ಲೇ. ಕುಂಚದಿಂದ ಹಚ್ಚಿದ ಒಂದು ಕೋಟ್ ಒಣಗಿದ ಮೇಲೆ ಸುಮಾರು 0.03ರಿಂದ 0.05 ಮಿ.ಮೀ. ದಪ್ಪ ಉಳಿಯುತ್ತದೆ. ಮೂರು ಕೋಟ್ ಅಂದರೆ 0.1 ಮಿ.ಮೀ. ದಾಟುತ್ತದೆ. ಅದನ್ನು ಹನ್ನೆರಡರಿಂದ ಗುಣಿಸಿ. ನಿಜದ ಕಪಾಟಿನ ಮೇಲೆ ಒಂದೂವರೆ ಮಿ.ಮೀ. ದಪ್ಪ ಬಣ್ಣ ಬಳಿದ ಹಾಗೆ! ಯಾವ ಬಾಗಿಲು ತಾನೇ ಮುಚ್ಚೀತು?

ಹಾಗಾಗಿ ಯಾವ ಡಬ್ಬಿ ಕೈಗೆತ್ತಿಕೊಂಡರೂ ನಾನು ಮೊದಲು ಈ ಲೆಕ್ಕ ಮಾಡುತ್ತೇನೆ. ಬಾಗಿಲು ಮಾಡುವಾಗಲೂ ಬಣ್ಣಕ್ಕೆ ಜಾಗ ಬಿಟ್ಟಿರುತ್ತೇನೆ. ಎರಡು ವಿಸಿಟಿಂಗ್ ಕಾರ್ಡ್ ಒಟ್ಟಿಗೆ ಹಿಡಿದು ಬಾಗಿಲ ಸಂದಿಗೆ ತೂರಿಸಿ. ಸಲೀಸಾಗಿ ಓಡಾಡಿದರೆ ಬಣ್ಣಕ್ಕೆ ಜಾಗ ಇದೆ. ಬಿಗಿಯಾದರೆ ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ. ಈ ಕೆಲಸ ಬಣ್ಣಕ್ಕೆ ಮೊದಲೇ ಆಗಬೇಕು.

ಇನ್ನೊಂದು ವಿಷಯ. ನಿಜವಾದ ಅಡುಗೆಮನೆಗೆ ಬಣ್ಣ ಆರಿಸುವಾಗ ನೀರು, ಎಣ್ಣೆ ಜಿಡ್ಡು, ಒಗ್ಗರಣೆ ಹೊಗೆ, ಬಿಸಿ ಎಲ್ಲ ಯೋಚಿಸುತ್ತೇವೆ. ಬೊಂಬೆಯ ಅಡುಗೆಮನೆಯಲ್ಲಿ ಅದ್ಯಾವುದೂ ಇಲ್ಲ. ಅಂಗಡಿಯವರು "ಇದು ವಾಟರ್‌ಪ್ರೂಫ್, ತುಂಬಾ ಗಟ್ಟಿ" ಅಂತ ಕೊಡುವ ಬಣ್ಣ ನಮಗೆ ಬೇಕಾಗಿಯೇ ಇಲ್ಲ. ನಾವು ನೋಡಬೇಕಾದ್ದು ನಾಲ್ಕೇ. ಎಷ್ಟು ತೆಳು? ಹೊಳಪು ಎಷ್ಟು? ಮುಚ್ಚಿಟ್ಟ ಬಾಗಿಲು ಅಂಟಿಕೊಳ್ಳುತ್ತದೆಯೇ? ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದರೆ ಬಣ್ಣ ತಿರುಗುತ್ತದೆಯೇ?

ಅಕ್ರಿಲಿಕ್

ಹೊಸಬರು ಇಲ್ಲಿಂದಲೇ ಶುರು ಮಾಡಲಿ. ಸ್ಟೇಷನರಿ ಅಂಗಡಿಯಲ್ಲೇ 15 ಎಂ.ಎಲ್. ಬಾಟಲಿ ಸಿಗುತ್ತದೆ. ವಾಸನೆ ಇಲ್ಲ. ಕುಂಚ ನೀರಲ್ಲಿ ತೊಳೆದರೆ ಸಾಕು. ತಪ್ಪಾದರೆ ಉಜ್ಜಿ ಮತ್ತೆ ಹಚ್ಚಬಹುದು. ನಾಲ್ಕಾರು ಬಣ್ಣ ಬೆರೆಸಿ ನಿಮಗೆ ಬೇಕಾದ್ದನ್ನೇ ಮಾಡಿಕೊಳ್ಳಬಹುದು.

ಆದರೆ ಬಾಟಲಿಯಿಂದ ತೆಗೆದ ಹಾಗೇ ಹಚ್ಚಬೇಡಿ. ಅದು ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇರುತ್ತದೆ. ನಮಗೆ ಬೇಕಾದ್ದು ಗಟ್ಟಿ ಹಾಲಿನ ಹದ. ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ನೀರು ಸಾಕು. ಅದಕ್ಕಿಂತ ಜಾಸ್ತಿ ನೀರು ಹಾಕಿದರೆ ಬಣ್ಣಕ್ಕೆ ಹಿಡಿತ ಇರುವುದಿಲ್ಲ, ಒಣಗಿದ ಮೇಲೆ ಪುಡಿಯಂತೆ ಕೈಗೆ ಬರುತ್ತದೆ. ಕಾಲಿಂಚು ಅಗಲದ ಮೆತ್ತನೆಯ ಚಪ್ಪಟೆ ಕುಂಚ ತೆಗೆದುಕೊಳ್ಳಿ. ಒಂದೇ ದಿಕ್ಕಿನಲ್ಲಿ ಎಳೆಯಿರಿ. ಎಳೆದ ಜಾಗಕ್ಕೆ ಮತ್ತೆ ಕುಂಚ ತರಬೇಡಿ. ಅಕ್ರಿಲಿಕ್ ನಿಮಿಷಗಳಲ್ಲಿ ಒಣಗಲು ಶುರುವಾಗುತ್ತದೆ. ಅರ್ಧ ಒಣಗಿದ ಬಣ್ಣದ ಮೇಲೆ ಕುಂಚ ಆಡಿಸಿದರೆ ಗೀರು ಬಿದ್ದು ಹಾಗೇ ಉಳಿಯುತ್ತದೆ. ಏಪ್ರಿಲ್ ತಿಂಗಳ ಕಲಬುರಗಿ, ಬಳ್ಳಾರಿಯಲ್ಲಿ ಇದ್ದರೆ ಬೆಳಗಿನ ಹೊತ್ತು ಕೆಲಸ ಮಾಡಿ. ಮಧ್ಯಾಹ್ನ ಕುಂಚದಲ್ಲೇ ಬಣ್ಣ ಒಣಗುತ್ತದೆ.

ನೀರಿನ ಬಣ್ಣ ತಾಗಿದ ಕೂಡಲೇ ಮರದ ನಾರು ಎದ್ದು ನಿಲ್ಲುತ್ತದೆ. ಕೈ ಸವರಿದರೆ ಗಡ್ಡದ ಹಾಗೆ ಚುಚ್ಚುತ್ತದೆ. ಅದಕ್ಕೆ ಮೊದಲು ಬರೀ ಒದ್ದೆ ಬಟ್ಟೆಯಿಂದ ಮರವನ್ನು ಒರೆಸಿ, ಒಣಗಿಸಿ, 320 ನಂಬರಿನ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ. ಆಮೇಲೆ ಹಚ್ಚಿದ ಬಣ್ಣ ನಯವಾಗಿ ಕೂರುತ್ತದೆ. ಬಾಲ್ಸಾ ಮರ ಮೆತ್ತಗಿರುವುದರಿಂದ ಎಷ್ಟು ಉಜ್ಜಿದರೂ ರೋಮ ಏಳುತ್ತಲೇ ಇರುತ್ತದೆ. ಕಪಾಟಿಗೆ ಬಾಲ್ಸಾ ಬೇಡವೇ ಬೇಡ ಅನ್ನುತ್ತೇನೆ. ಬಾಸ್‌ವುಡ್ ಅಥವಾ ತೆಳು ಬರ್ಚ್ ಪ್ಲೈವುಡ್ ಒಳ್ಳೆಯದು.

ಕೋಟ್‌ಗಳ ನಡುವೆ ಉಜ್ಜಲು 600 ನಂಬರಿನ ಕಾಗದ ಸಾಕು. ಅದಕ್ಕಿಂತಲೂ ನನಗೆ ಇಷ್ಟವಾದದ್ದು ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕುವ ಬ್ರೌನ್ ಪೇಪರ್. ಅದರ ಒರಟು ಮಗ್ಗುಲಿನಿಂದ ಒಣಗಿದ ಬಣ್ಣವನ್ನು ಉಜ್ಜಿ. ಬಣ್ಣ ಕಿತ್ತು ಬರುವುದಿಲ್ಲ. ಮೇಲಿನ ಸಣ್ಣ ತರಿ ಮಾತ್ರ ಹೋಗುತ್ತದೆ. ಮೂರಿಂಚಿನ ಬಾಗಿಲಿಗೆ ಅಷ್ಟು ಮೃದು ಉಜ್ಜುವಿಕೆಯೇ ಬೇಕು.

ಅಕ್ರಿಲಿಕ್‌ನ ದೊಡ್ಡ ಕೊರತೆ ಒಂದಿದೆ. ಅದು ಪೂರ್ತಿ ಒಣಗಿದ ಮೇಲೂ ಸೆಕೆಗೆ ಮೆತ್ತಗಾಗುತ್ತದೆ. ಬಣ್ಣ ಹಚ್ಚಿದ ಎರಡು ಮೈ ಒಂದಕ್ಕೊಂದು ಒತ್ತಿಕೊಂಡಿದ್ದರೆ ಅಂಟಿಕೊಳ್ಳುತ್ತವೆ. ಕಪಾಟಿನ ಬಾಗಿಲೂ ಚೌಕಟ್ಟೂ ಹಾಗೇ ತಾನೇ ಇರುವುದು? ನಮ್ಮ ಬೊಂಬೆಗಳು ವರ್ಷಪೂರ್ತಿ ಅಟ್ಟದ ಮೇಲೆ ಟ್ರಂಕಿನಲ್ಲಿರುತ್ತವೆ. ಬೇಸಿಗೆಯಲ್ಲಿ ಹೆಂಚಿನ ಕೆಳಗೆ ಅಲ್ಲಿ ಬೆಂಕಿ. ದಸರೆಗೆ ತೆಗೆದಾಗ ಒಂದು ಬಾಗಿಲು ಬರಲೇ ಇಲ್ಲ. ಎಳೆದರೆ ಬಣ್ಣ ಸಿಪ್ಪೆಯ ಹಾಗೆ ಕಿತ್ತು ಬಂತು. ಈಗ ಬಾಗಿಲು ತಾಗುವ ಅಂಚಿಗೆಲ್ಲ ತೆಳುವಾಗಿ ಮೇಣ ಸವರುತ್ತೇನೆ. ಟ್ರಂಕಿಗೆ ಇಡುವಾಗ ಬಾಗಿಲ ಸಂದಿಗೆ ಬಟರ್ ಪೇಪರ್ ಚೂರು ಸಿಕ್ಕಿಸುತ್ತೇನೆ. ಎರಡು ವರ್ಷದಿಂದ ಏನೂ ತೊಂದರೆ ಇಲ್ಲ.

ಚಾಕ್ ಪೇಂಟ್ ಅಂತ ಬರುತ್ತದಲ್ಲ, ಅದನ್ನೂ ಇದೇ ಗುಂಪಿಗೆ ಸೇರಿಸಬಹುದು. ಹೊಳಪೇ ಇಲ್ಲದೆ ಚೆನ್ನಾಗಿ ಕಾಣುತ್ತದೆ, ಆದರೆ ದಪ್ಪ. ಹಳ್ಳಿಮನೆಯ ಸವೆದ ಕಪಾಟು ಮಾಡುವವರಿಗೆ ಮಾತ್ರ ಹೇಳುತ್ತೇನೆ.

ಎನಾಮಲ್

ಹಳೆಯ ಮನೆಗಳಲ್ಲಿ ಹಾಲು ಮೊಸರು ಇಡುವ ಜಾಲರಿ ಬಾಗಿಲ ಬೀರು ಇರುತ್ತಿತ್ತು, ನೆನಪಿದೆಯಾ? ಅದಕ್ಕೆ ಹಚ್ಚುತ್ತಿದ್ದದ್ದು ಎನಾಮಲ್, ಅಂದರೆ ಆಯಿಲ್ ಪೇಂಟ್. ಹಸಿರು ಇಲ್ಲವೇ ಬೂದು ಬಣ್ಣ. ಆ ಬೀರುವನ್ನೇ ಚಿಕ್ಕದಾಗಿ ಮಾಡುವಾಗ ಅದೇ ಎನಾಮಲ್ ಹಚ್ಚೋಣ ಅಂತ ನನಗೂ ಮನಸ್ಸಾಗಿತ್ತು. ಹಚ್ಚಿದ ಮೇಲೆ ಬೇಡವಾಯಿತು.

ಎನಾಮಲ್‌ಗೆ ಒಳ್ಳೆಯ ಗುಣ ಇಲ್ಲವೆಂದಲ್ಲ. ನಿಧಾನವಾಗಿ ಒಣಗುವುದರಿಂದ ಕುಂಚದ ಗೀರು ತಾನೇ ಹರಡಿ ಮಾಯವಾಗುತ್ತದೆ. ಒಣಗಿದ ಮೇಲೆ ಕಲ್ಲಿನ ಹಾಗೆ. ಬಾಗಿಲು ಅಂಟಿಕೊಳ್ಳುವುದಿಲ್ಲ. ಮಕ್ಕಳು ದಿನಾ ತೆಗೆದು ಹಾಕಿ ಮಾಡಿದರೂ ಬಣ್ಣ ಹೋಗುವುದಿಲ್ಲ.

ಆದರೆ ಅದು ನಿಧಾನವಾಗಿ ಹರಡುವಾಗ ಮೂಲೆಗಳಿಗೆ ಹರಿದು ಅಲ್ಲಿ ಮಡುಗಟ್ಟುತ್ತದೆ. ದೊಡ್ಡ ಬಾಗಿಲಲ್ಲಿ ಅದು ಗೊತ್ತಾಗುವುದಿಲ್ಲ. ನಮ್ಮ ಬಾಗಿಲ ಚೌಕಟ್ಟಿನ ಆಳವೇ ಅರ್ಧ ಮಿ.ಮೀ. ಇರುವುದರಿಂದ ಮೂಲೆ ದುಂಡಗಾಗಿಬಿಡುತ್ತದೆ. ಒಂದು ಕೋಟ್ ಮುಟ್ಟಿ ನೋಡುವಷ್ಟು ಒಣಗಲು ಆರೆಂಟು ಗಂಟೆ, ಪೂರ್ತಿ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಧೂಳು ಕೂರುತ್ತದೆ. ಒಂದು ಧೂಳಿನ ಕಣ ಈ ಅಳತೆಯಲ್ಲಿ ಸಾಸಿವೆ ಕಾಳಿನಷ್ಟು ಕಾಣುತ್ತದೆ.

ಬಿಳಿ ಎನಾಮಲ್ ಅಂತೂ ಬೇಡ. ಎಣ್ಣೆ ಆಧಾರದ ಬಿಳಿ ಬಣ್ಣ ಬೆಳಕಿಗಿಂತ ಕತ್ತಲಲ್ಲೇ ಬೇಗ ಹಳದಿ ತಿರುಗುತ್ತದೆ. ಬೊಂಬೆಮನೆ ವರ್ಷದಲ್ಲಿ ಹತ್ತು ದಿನ ಬೆಳಕು ನೋಡುತ್ತದೆ, ಉಳಿದ ದಿನ ಕತ್ತಲು. ನಾನು ಹಚ್ಚಿದ ಬಿಳಿ ಮೂರನೇ ದಸರೆಗೆ ಹಳೆ ಪೇಪರಿನ ಬಣ್ಣಕ್ಕೆ ಬಂದಿತ್ತು.

ಮಕ್ಕಳ ಕೈಗೆ ಹೋಗುವ ಸಾಮಾನಾದರೆ ಇನ್ನೊಂದು ಎಚ್ಚರ. ಅಟ್ಟದಲ್ಲೋ ಶೆಡ್ಡಿನಲ್ಲೋ ಉಳಿದ ಹಳೇ ಎನಾಮಲ್ ಡಬ್ಬಿಯನ್ನು ದಯವಿಟ್ಟು ಮುಟ್ಟಬೇಡಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟು ಸೀಸ ಇದೆಯೋ ಹೇಳಲಾಗದು. ಚಿಕ್ಕ ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ. ಹೊಸ ಡಬ್ಬಿ ತನ್ನಿ, ಮೇಲೆ ಸೀಸದ ಬಗ್ಗೆ ಬರೆದಿರುವುದನ್ನು ಓದಿ.

ಜಾಲರಿ ಬೀರುವಿಗೆ ಕೊನೆಗೆ ಏನು ಮಾಡಿದೆ? ಅಕ್ರಿಲಿಕ್‌ನಲ್ಲೇ ಆ ಹಸಿರು ಬೆರೆಸಿ ಎರಡು ತೆಳು ಕೋಟ್ ಹಚ್ಚಿದೆ. ಮೇಲೆ ಅರೆ ಹೊಳಪಿನ ವಾರ್ನಿಷ್ ಕೊಟ್ಟೆ. ನೋಡಿದವರು ಎನಾಮಲ್ ಅಂತಲೇ ಅಂದುಕೊಳ್ಳುತ್ತಾರೆ.

ಸ್ಪ್ರೇ

ನಯಕ್ಕೆ ಸ್ಪ್ರೇಗೆ ಸಾಟಿ ಇಲ್ಲ. ಕುಂಚದ ಗೀರು ಇಲ್ಲ, ಕೋಟ್ ತೆಳು. ಈಗಿನ ಮಾಡ್ಯುಲರ್ ಕಿಚನ್ ತರಹದ್ದು, ಗೆರೆ ಕೆತ್ತನೆ ಇಲ್ಲದ ಸಾದಾ ಬಾಗಿಲಿನದು ಮಾಡುತ್ತಿದ್ದರೆ ಸ್ಪ್ರೇ ಒಳ್ಳೆಯದು.

ಕಪಾಟು ಜೋಡಿಸಿದ ಮೇಲೆ ಅದರ ಒಳಗೆ ಸ್ಪ್ರೇ ಹೊಡೆಯಲು ಹೋಗಬೇಡಿ. ಎರಡಿಂಚಿನ ಗೂಡಿನೊಳಗೆ ಗಾಳಿ ತಿರುಗಿ ವಾಪಸ್ ಬರುತ್ತದೆ. ಮೂಲೆಗೆ ಬಣ್ಣ ಮುಟ್ಟುವುದೇ ಇಲ್ಲ, ಎದುರಿನ ಅಂಚಲ್ಲಿ ಮಾತ್ರ ಸೋರಿ ಇಳಿಯುತ್ತದೆ. ಬಾಗಿಲು, ಡ್ರಾಯರ್ ಮುಖ, ಪಕ್ಕದ ಹಲಗೆ ಎಲ್ಲ ಬಿಡಿಬಿಡಿಯಾಗಿ ಹೊಡೆಯಿರಿ. ಬಾಗಿಲ ಹಿಂದೆ ಡಬಲ್ ಸೈಡ್ ಟೇಪಿನಿಂದ ಐಸ್‌ಕ್ರೀಂ ಕಡ್ಡಿ ಅಂಟಿಸಿಕೊಂಡರೆ ಹಿಡಿದುಕೊಳ್ಳಲು ಸುಲಭ. ಅಂಟು ಹಚ್ಚಬೇಕಾದ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ. ಬಣ್ಣದ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬರಿ ಮರವೇ ಬೇಕು. ಇಪ್ಪತ್ತು ಇಪ್ಪತ್ತೈದು ಸೆಂ.ಮೀ. ದೂರದಿಂದ, ಕೈ ನಿಲ್ಲಿಸದೆ, ಮಂಜು ಬಿದ್ದ ಹಾಗೆ ಹೊಡೆಯಿರಿ. ಮೊದಲ ಕೋಟ್‌ನಲ್ಲೇ ಮರ ಮುಚ್ಚಬೇಕು ಅಂತ ಆಸೆ ಪಡಬೇಡಿ.

ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆಯಾದರೆ ಅಂಚು ಬಣ್ಣವನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಎಷ್ಟು ಹೊಡೆದರೂ ಅಂಚು ಒರಟಾಗಿಯೇ ಉಳಿಯುತ್ತದೆ. ನೀರು ಬೆರೆಸಿದ ಬಿಳಿ ಅಂಟನ್ನು ಅಂಚಿಗೆ ಸವರಿ, ಒಣಗಿಸಿ, ಉಜ್ಜಿ, ಆಮೇಲೆ ಹೊಡೆಯಿರಿ.

ಮಳೆಗಾಲದಲ್ಲಿ ಸ್ಪ್ರೇ ಬೇಡ. ಮಂಗಳೂರು, ತೀರ್ಥಹಳ್ಳಿ ಕಡೆಯವರಿಗೆ ಜುಲೈ ತಿಂಗಳಲ್ಲಿ ಇದು ಆಗದ ಕೆಲಸ. ಗಾಳಿಯಲ್ಲಿನ ತೇವ, ಒಣಗುತ್ತಿರುವ ಲ್ಯಾಕರಿನ (ಥಿನ್ನರ್‌ನಲ್ಲಿ ಕರಗಿಸಿದ, ಬೇಗ ಒಣಗುವ ಬಣ್ಣ) ಮೇಲೆ ಕೂತು ಬಿಳಿ ಮಬ್ಬು ಕಟ್ಟುತ್ತದೆ. ಎನಾಮಲ್ ಹಚ್ಚಿದ್ದರ ಮೇಲೆ ಲ್ಯಾಕರ್ ಸ್ಪ್ರೇ ಹೊಡೆದರೆ ಇನ್ನೊಂದು ಕಷ್ಟ. ಕೆಳಗಿನ ಬಣ್ಣ ಸುಕ್ಕುಗಟ್ಟಿ ಹಪ್ಪಳದ ಹಾಗೆ ಏಳುತ್ತದೆ. ತಾರಸಿಯ ಮೇಲೆ ಹೋಗಿ, ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ಹೊಡೆಯಿರಿ. ಮುಖಕ್ಕೆ ಮಾಸ್ಕ್ ಇರಲಿ. ಹತ್ತಿರದಲ್ಲಿ ದೀಪ, ಒಲೆ ಯಾವುದೂ ಇರಬಾರದು.

ಸ್ಟೇನ್ ಮತ್ತು ಅರಗು

ನನಗೆ ತುಂಬಾ ಇಷ್ಟವಾದದ್ದು ಇದು. ಅಜ್ಜಿಮನೆಯ ಕಪಾಟಿನ ಹಾಗೆ ಮರ ಮರವಾಗಿಯೇ ಕಾಣಬೇಕು ಅನ್ನುವವರು ಬೇರೆ ಕಡೆ ಹುಡುಕಬೇಕಿಲ್ಲ. ಹನ್ನೆರಡರ ಲೆಕ್ಕದಲ್ಲೂ ಗೆಲ್ಲುವುದು ಇದೇ. ಸ್ಟೇನ್ ಮರದೊಳಗೆ ಇಳಿಯುತ್ತದೆ, ಅದಕ್ಕೆ ದಪ್ಪವೇ ಇಲ್ಲ. ಅದರ ಮೇಲೆ ತೆಳುವಾಗಿ ಕರಗಿಸಿದ ಅರಗು ಎರಡು ಕೈ ಸವರಿದರೂ ಒಂದು ಕೋಟ್ ಅಕ್ರಿಲಿಕ್‌ನಷ್ಟು ದಪ್ಪ ಬರುವುದಿಲ್ಲ. ಕೊರೆದ ಗೆರೆ ಹಾಗೇ ಚೂಪಾಗಿ ಉಳಿಯುತ್ತದೆ.

ಆದರೆ ಇದಕ್ಕೆ ಮರ ಆರಿಸುವುದರಲ್ಲೇ ಅರ್ಧ ಕೆಲಸ. ತೇಗದ ಚೂರು ಮನೆಯಲ್ಲಿದೆ, ಅದರಲ್ಲೇ ಮಾಡುತ್ತೇನೆ ಅನ್ನಬೇಡಿ. ತೇಗದ ರಂಧ್ರ ದೊಡ್ಡದು. ಈ ಅಳತೆಯಲ್ಲಿ ಅದು ಉಳುಮೆ ಮಾಡಿದ ಗದ್ದೆಯ ಹಾಗೆ ಕಾಣುತ್ತದೆ. ಸಣ್ಣ ಎಳೆಯ ಮರ ಬೇಕು. ಬಾಸ್‌ವುಡ್, ಚೆರಿ, ಚನ್ನಪಟ್ಟಣದವರು ಬಳಸುವ ಆಲೆ ಮರ, ಇವು ಒಪ್ಪುತ್ತವೆ. ತೇಗದ ಬಣ್ಣವನ್ನು ಸ್ಟೇನಿನಿಂದ ತಂದುಕೊಳ್ಳಿ. ತೇಗಕ್ಕಿಂತ ಹೆಚ್ಚು ತೇಗದ ಹಾಗೆ ಕಾಣುತ್ತದೆ!

ಬಾಸ್‌ವುಡ್ ಸ್ಟೇನನ್ನು ಒಂದೇ ಸಮ ಹೀರುವುದಿಲ್ಲ, ಅಲ್ಲಲ್ಲಿ ಮಚ್ಚೆ ಬೀಳುತ್ತದೆ. ಮೊದಲು ತುಂಬಾ ನೀರಾದ ಅರಗನ್ನು ಒಂದು ಕೈ ಸವರಿ, ಹಗುರವಾಗಿ ಉಜ್ಜಿ, ಆಮೇಲೆ ಎಣ್ಣೆ ಆಧಾರದ ಸ್ಟೇನ್ ಹಚ್ಚಿದರೆ ಸಮನಾಗಿ ಬರುತ್ತದೆ. ಸ್ಪಿರಿಟ್ ಬೆರೆತ ಸ್ಟೇನ್ ಬೇಡ, ಅದು ಕೆಳಗಿನ ಅರಗನ್ನೇ ಕರಗಿಸುತ್ತದೆ.

ಅಂಗಡಿಯ ಸ್ಟೇನೇ ಆಗಬೇಕೆಂದಿಲ್ಲ. ಗಟ್ಟಿ ಕಾಫಿ ಡಿಕಾಕ್ಷನ್ ಎರಡು ಮೂರು ಸಲ ಸವರಿದರೆ ತಿಳಿ ಕಂದು ಬರುತ್ತದೆ. ಮಲೆನಾಡಿನವರ ಹತ್ತಿರ ಇನ್ನೂ ಒಳ್ಳೆಯದಿದೆ, ಅಡಿಕೆ ಚೊಗರು. ಅಡಿಕೆ ಬೇಯಿಸಿ ಉಳಿದ ಆ ಕೆಂಪು ರಸದಿಂದ ಬಟ್ಟೆಗೂ ಬಣ್ಣ ಕಟ್ಟುತ್ತಾರೆ. ತಿಳಿಮಾಡಿ ಮರಕ್ಕೆ ಸವರಿದರೆ ಹಳೇ ಬೀಟೆಯ ಕೆಂಪು ಬರುತ್ತದೆ. ಚೊಗರಿನಲ್ಲಿ ಒಗರು ಅಂಶ ಜಾಸ್ತಿ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ನೆನೆಹಾಕಿದ ನೀರನ್ನು ಅದರ ಮೇಲೆ ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಹೊಗೆ ಹಿಡಿದ ಅಡುಗೆಮನೆ ಮಾಡಲು ಇದಕ್ಕಿಂತ ಚೆಂದದ ದಾರಿ ನಾನು ಕಂಡಿಲ್ಲ. ಇವೆಲ್ಲ ನೀರಿನವು, ಹಾಗಾಗಿ ಬರಿ ಮರಕ್ಕೇ ಹಚ್ಚಬೇಕು. ಮೊದಲು ಮರ ಒದ್ದೆ ಮಾಡಿ ಉಜ್ಜಿಕೊಳ್ಳುವುದನ್ನು ಮರೆಯಬೇಡಿ. ಒಂದು ಚೂರು ಮರದ ಮೇಲೆ ಹಚ್ಚಿ ನೋಡಿ, ಆಮೇಲೆ ಕಪಾಟು ಮುಟ್ಟಿ.

ಅರಗು ಅಂದರೆ ಬಡಗಿಗಳು ಚಪ್ಡ ಅನ್ನುತ್ತಾರಲ್ಲ, ಅದೇ. ಮರದ ಮೇಲೆ ಕೂರುವ ಅರಗಿನ ಹುಳು ಬಿಡುವ ಅಂಟು ಅದು. ಹಾರ್ಡ್‌ವೇರ್ ಅಂಗಡಿಯಲ್ಲಿ ಚಕ್ಕೆಯಾಗಿ ಸಿಗುತ್ತದೆ. 100 ಎಂ.ಎಲ್. ಸ್ಪಿರಿಟ್‌ಗೆ 10ರಿಂದ 12 ಗ್ರಾಂ ಚಕ್ಕೆ ಹಾಕಿ, ಮುಚ್ಚಳ ಬಿಗಿದು, ರಾತ್ರಿಯಿಡೀ ಬಿಡಿ. ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಅರ್ಧ ಗಂಟೆಯಲ್ಲಿ ಒಣಗುತ್ತದೆ, ಧೂಳು ಕೂರಲು ಪುರಸೊತ್ತಿಲ್ಲ. ಒಂದೇ ಎಚ್ಚರ, ಕರಗಿಸಿಟ್ಟ ಅರಗು ಹಳತಾದರೆ ಒಣಗುವುದಿಲ್ಲ, ಜಿಗುಟಾಗಿಯೇ ಉಳಿಯುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ. ಅನುಮಾನ ಬಂದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಮರುದಿನ ಉಗುರಿನ ಗುರುತು ಬಿದ್ದರೆ ಆ ಬಾಟಲಿ ಬೇಡ.

ಚನ್ನಪಟ್ಟಣದ ಬೊಂಬೆಯ ಆ ಬಣ್ಣದ ಹೊಳಪು ಕಪಾಟಿಗೂ ಬರಬಹುದಾ ಅಂತ ಕೆಲವರು ಕೇಳುತ್ತಾರೆ. ಅದೂ ಅರಗೇ. ಆದರೆ ಅಲ್ಲಿ ಮರ ತಿರುಗಣಿಯಲ್ಲಿ ತಿರುಗುತ್ತಿರುತ್ತದೆ. ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಅದು ಕರಗಿ ಮರಕ್ಕೆ ಹಿಡಿಯುತ್ತದೆ, ತಾಳೆ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಚಪ್ಪಟೆ ಬಾಗಿಲು ತಿರುಗುವುದಿಲ್ಲ, ಹಾಗಾಗಿ ಅದಕ್ಕೆ ಆ ದಾರಿ ಇಲ್ಲ. ದುಂಡಗಿನ ಹಿಡಿಗಳಿಗೆ ಮಾತ್ರ ಅಲ್ಲಿಯ ಅರಗಿನ ಮಣಿ ಹೇಳಿ ಮಾಡಿಸಿದ ಹಾಗಿದೆ.

ಇನ್ನು ಒಂದು ಮಾತು, ಇದನ್ನು ಮಾತ್ರ ಮರೆಯಬಾರದು. ಕುಂಚದಿಂದ ಪೇಂಟ್ ಹಚ್ಚುವವರು ಮೊದಲು ಅಂಟಿಸಿ ಆಮೇಲೆ ಬಣ್ಣ ಹಚ್ಚಬಹುದು. ಸ್ಟೇನ್ ಹಚ್ಚುವವರು ಮೊದಲು ಸ್ಟೇನ್ ಹಚ್ಚಿ ಆಮೇಲೆ ಅಂಟಿಸಬೇಕು. ಬಿಳಿ ಅಂಟು ತಾಗಿದ ಜಾಗದಲ್ಲಿ ಮರದ ಬಾಯಿ ಮುಚ್ಚಿಹೋಗುತ್ತದೆ. ಒಣಗಿದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಸ್ಟೇನ್ ಹಚ್ಚಿದ ಕ್ಷಣ ಬೆರಳಿನ ಗುರುತೆಲ್ಲ ಬಿಳಿಯಾಗಿ ಎದ್ದು ಬರುತ್ತದೆ. ಉಜ್ಜಿದರೂ ಹೋಗುವುದಿಲ್ಲ.

ಕಾಗದ

ಈಗಿನ ಅಡುಗೆಮನೆಗಳಲ್ಲಿ ಕಪಾಟಿಗೆ ಬಣ್ಣವೇ ಇರುವುದಿಲ್ಲ, ಸನ್‌ಮೈಕಾ ಇರುತ್ತದೆ. ಅದರ ದಪ್ಪ ಸುಮಾರು 1 ಮಿ.ಮೀ. ಹಾಗಂತ ಸನ್‌ಮೈಕಾ ಚೂರನ್ನೇ ತಂದು ಅಂಟಿಸಿದರೆ ನಮ್ಮ ಲೆಕ್ಕದಲ್ಲಿ ಅದು 12 ಮಿ.ಮೀ. ದಪ್ಪದ ಹಲಗೆ! ಅದೇ ಪ್ರಿಂಟರಿಗೆ ಹಾಕುವ ಮಾಮೂಲಿ 80 ಜಿಎಸ್‌ಎಂ ಕಾಗದ 0.1 ಮಿ.ಮೀ. ಇರುತ್ತದೆ. ಹನ್ನೆರಡರಿಂದ ಗುಣಿಸಿದರೆ 1.2 ಮಿ.ಮೀ. ಸನ್‌ಮೈಕಾದ ದಪ್ಪಕ್ಕೆ ಸರಿಯಾಗಿ ಕೂರುತ್ತದೆ. ಈ ಲೆಕ್ಕ ಸಿಕ್ಕ ದಿನ ನನಗಾದ ಖುಷಿ ಹೇಳತೀರದು.

ಬಣ್ಣದ ಕಾಗದವೂ ಆಗುತ್ತದೆ. ಮರದ ಎಳೆಯ ಚಿತ್ರ ಪ್ರಿಂಟ್ ಮಾಡಿಸಿದರೂ ಆಗುತ್ತದೆ. ಪ್ರಿಂಟ್ ಲೇಸರ್‌ನಲ್ಲಿ ಮಾಡಿಸಿ. ಇಂಕ್‌ಜೆಟ್ ಆದರೆ ಅಂಟಿನ ನೀರಿಗೆ ಶಾಯಿ ಹರಿಯುತ್ತದೆ. ನೀರಾದ ಅಂಟು ಬೇಡ, ಕಾಗದ ಉಬ್ಬುತ್ತದೆ. ಗ್ಲೂ ಸ್ಟಿಕ್ ಅಥವಾ ಸ್ಪ್ರೇ ಅಂಟು ಬಳಸಿ. ಬಾಗಿಲಿಗಿಂತ ದೊಡ್ಡದಾಗಿ ಅಂಟಿಸಿ, ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಕತ್ತರಿಸಿ. ಅಂಚಿಗೆ ಅದೇ ಕಾಗದದ ಪಟ್ಟಿ. ಮೇಲೆ ಒಂದು ಕೈ ಮ್ಯಾಟ್ ವಾರ್ನಿಷ್. ಒಂದು ಮಧ್ಯಾಹ್ನದಲ್ಲಿ ಇಡೀ ಅಡುಗೆಮನೆ ಮುಗಿಯುತ್ತದೆ. ಬೆನ್ನಿಗೆ ಅಂಟು ಇರುವ ಪ್ಲಾಸ್ಟಿಕ್ ಸ್ಟಿಕ್ಕರ್ ಹಾಳೆಯೂ ತೆಳುವೇ, ಆದರೆ ಒಂದು ಬೇಸಿಗೆ ಕಳೆದರೆ ಮೂಲೆ ಏಳುತ್ತದೆ. ಕೆತ್ತನೆ ಇರುವ ಬಾಗಿಲಿಗೆ ಇವೆರಡೂ ಆಗುವುದಿಲ್ಲ.

ಹೊಳಪು ಎಷ್ಟಿರಬೇಕು

ಬಣ್ಣ ಯಾವುದೇ ಇರಲಿ, ಕೊನೆಯ ಕೋಟ್‌ನಲ್ಲಿ ಮೋಸಹೋಗುವವರು ಬಹಳ ಜನ. ಫಳಫಳ ಹೊಳೆಯುವ ಗ್ಲಾಸಿ ವಾರ್ನಿಷ್ ಹಚ್ಚಿದ ಕೂಡಲೇ ಕಪಾಟು ಆಟಿಕೆಯಾಗಿಬಿಡುತ್ತದೆ. ಕೋಣೆಯ ಟ್ಯೂಬ್‌ಲೈಟ್ ಅದರಲ್ಲಿ ತನ್ನ ಪೂರ್ತಿ ಗಾತ್ರದಲ್ಲೇ ಹೊಳೆಯುತ್ತದೆ. ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಇದು ಮೂರಿಂಚಿನದು ಅಂತ. ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದು ನೋಡಿ, ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಿಜದಲ್ಲಿ ಹೊಳಪಿರುವ ಕಪಾಟಿಗೆ ಇಲ್ಲಿ ಅರೆ ಹೊಳಪು ಕೊಡಿ. ನಿಜದಲ್ಲಿ ಅರೆ ಹೊಳಪಿದ್ದರೆ ಮ್ಯಾಟ್ ಕೊಡಿ. ಬಣ್ಣವೂ ಹಾಗೇ. ಪುಟ್ಟ ಕೋಣೆಯೊಳಗೆ ಬೆಳಕು ಕಡಿಮೆ, ಎಲ್ಲ ಬಣ್ಣವೂ ಸ್ವಲ್ಪ ಗಾಢವಾಗಿ ಕಾಣುತ್ತದೆ. ನಾನು ಪ್ರತಿ ಬಣ್ಣಕ್ಕೂ ಒಂದು ಚೂರು ಬಿಳಿ ಬೆರೆಸುತ್ತೇನೆ.

ಅರಗಿನ ಮೇಲೆ ಪಿಯು (ಪಾಲಿಯುರೆಥೇನ್) ವಾರ್ನಿಷ್ ಬೇಡ. ಚಪ್ಡದಲ್ಲಿ ಮೇಣದ ಅಂಶ ಇರುವುದರಿಂದ ಅದು ಸರಿಯಾಗಿ ಕಚ್ಚುವುದಿಲ್ಲ. ಜೇನುಮೇಣ ಸಾಕು, ಮೆತ್ತನೆ ಬಟ್ಟೆಯಲ್ಲಿ ಕಡಲೆಕಾಳಿನಷ್ಟು ತೆಗೆದುಕೊಂಡು ಉಜ್ಜಿ. ಮೇಣ ಮಾತ್ರ ಎಲ್ಲಕ್ಕಿಂತ ಕೊನೆಗೆ. ಅದರ ಮೇಲೆ ಇನ್ಯಾವ ಬಣ್ಣವೂ ಹಿಡಿಯುವುದಿಲ್ಲ.

ದಿನಾ ಮಕ್ಕಳು ಆಡುವ ಕಪಾಟಾದರೆ ನಾನು ನೀರಿನ ಅಕ್ರಿಲಿಕ್ ಹಚ್ಚಿ ಎರಡು ಕೈ ಅರೆ ಹೊಳಪಿನ ವಾರ್ನಿಷ್ ಕೊಡುತ್ತೇನೆ. ಬೊಂಬೆ ಹಬ್ಬಕ್ಕೆ ಮಾತ್ರ ಹೊರಗೆ ಬರುವುದಾದರೆ ಸ್ಟೇನ್, ಅರಗು. ಮಗಳಿಗೆ ಅವಳ ಮನೆಯ ಹೊಸ ಕಿಚನ್ನನ್ನೇ ಪುಟ್ಟದಾಗಿ ಮಾಡಿಕೊಡಬೇಕು ಅಂದಾಗ ಕಾಗದ. ಅದಕ್ಕೇ ನನ್ನ ನಾಲ್ಕನೇ ಅಡುಗೆಮನೆ ಕಾಗದದ್ದು.

ಇನ್ನು ಹಿಡಿ ಹಾಕುವುದೊಂದು ಬಾಕಿ. ನಿಜದ ದುಂಡು ಹಿಡಿ ಮೂರು ಸೆಂ.ಮೀ. ಅಗಲ ಇದ್ದರೆ ಇಲ್ಲಿ ಎರಡೂವರೆ ಮಿ.ಮೀ. ಮಣಿ. ಉದ್ದ ಸ್ಟೀಲ್ ಹಿಡಿ ಬೇಕಾದರೆ 1 ಮಿ.ಮೀ. ತಂತಿಯನ್ನು ಅರ್ಧ ಇಂಚು ಅಗಲಕ್ಕೆ ಮಡಿಸಿ. 12 ಮಿ.ಮೀ. ದಪ್ಪದ ಹಿಡಿಯ ಹಾಗೆ ಸರಿಯಾಗಿ ಕಾಣುತ್ತದೆ. ತೂತನ್ನು ಬಣ್ಣಕ್ಕೆ ಮೊದಲೇ ಕೊರೆದಿರಬೇಕು. ಬಣ್ಣ ಒಣಗಿದ ಮೇಲೆ ಸೂಜಿ ಚುಚ್ಚಿ ತೂತು ತೆರೆಯಿರಿ. ಸೂಜಿಯ ತುದಿಯಲ್ಲಿ ಎಷ್ಟು ಅಂಟು ನಿಲ್ಲುತ್ತದೋ ಅಷ್ಟೇ ಸಾಕು. ಒಂದು ರಾತ್ರಿ ಬಿಟ್ಟು ಬೆಳಗ್ಗೆ ಬಾಗಿಲು ಎಳೆಯಿರಿ.